ಮಲಪ್ರಭೆ ಊರಿಗೆ ಬರಲಿಲ್ಲ, ನಾವೇ ಹೊಳೆಗೆ ಇಳಿದೆವು

ಪ್ರತಿ ನೆರೆ ಆದಮೇಲೆ ನಮ್ಮ ಕಡೆ ಕೇಳುವ ಮಾತು ಒಂದೇ: "ಹೊಳಿ ಊರಾಗ ಬಂತ್ರಿ." ಟಿವಿಯವರೂ ಅದನ್ನೇ ಹೇಳುತ್ತಾರೆ. ಪರಿಶೀಲನೆಗೆ ಬಂದ ಸಾಹೇಬರೂ ಅದನ್ನೇ ಹೇಳುತ್ತಾರೆ. ಮರುದಿನದ ಪೇಪರಿನಲ್ಲಿ "ಊರಿಗೆ ನುಗ್ಗಿದ ಮಲಪ್ರಭೆ" ಎಂದು ಹೆಡ್ಡಿಂಗ್ ಬರುತ್ತದೆ, ಹೊಳೆ ಏನೋ ಕಳ್ಳನ ಹಾಗೆ ಬಾಗಿಲು ಮುರಿದು ಒಳಗೆ ಬಂದಂತೆ.

ಹೊಳೆ ಎಲ್ಲಿಗೂ ನುಗ್ಗಿಲ್ಲ. ಅದು ಸಾವಿರಾರು ವರ್ಷದಿಂದ ತನ್ನದಾಗಿದ್ದ ಜಾಗದಲ್ಲೇ ಹರಿಯಿತು. ಆ ಜಾಗದಲ್ಲಿ ಈಗ ಕಬ್ಬು ಇದೆ, ಪಂಪ್‌ಸೆಟ್ ಮನೆ ಇದೆ, ಇಟ್ಟಂಗಿ ಭಟ್ಟಿ ಇದೆ, ಕೆಲವು ಕಡೆ ಸರಕಾರವೇ ಹಾಕಿದ ರಸ್ತೆ ಇದೆ. ಮಲಪ್ರಭೆಯ ದಂಡೆ ಮಾಯವಾಗಿದೆ. ದಂಡೆ ಇಲ್ಲದ ಹೊಳೆಗೆ ಊರೇ ದಂಡೆ. ಇದನ್ನು ಒಪ್ಪಿಕೊಳ್ಳದೆ ಎಷ್ಟು ಪರಿಹಾರ ಕೊಟ್ಟರೂ, ಎಷ್ಟು ತಡೆಗೋಡೆ ಕಟ್ಟಿದರೂ, ಮುಂದಿನ ನೆರೆಗೆ ಮತ್ತೆ ಸಾಲಿ ಕೋಣೆಯಲ್ಲಿ ಗಂಜಿ ಕೇಂದ್ರವೇ ಗತಿ. ಈ ಮಾತು ಹಲವರಿಗೆ ಹಿಡಿಸುವುದಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮಳೆ ಅಲ್ಲಿ, ನೆರೆ ಇಲ್ಲಿ

ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅದು ಪಶ್ಚಿಮ ಘಟ್ಟ, ಮಳೆಗಾಲದಲ್ಲಿ ಆಕಾಶ ಬಿಡುವು ಕೊಡದ ಸೀಮೆ. ಅಲ್ಲಿಂದ ಇಳಿದು ಬಂದ ನೀರು ಸವದತ್ತಿ ತಾಲ್ಲೂಕಿನ ನವಿಲುತೀರ್ಥದಲ್ಲಿ ರೇಣುಕಾಸಾಗರವಾಗಿ ನಿಲ್ಲುತ್ತದೆ. ಜಲಾಶಯ ಹಿಡಿಯುವುದು ಸುಮಾರು 37 ಟಿಎಂಸಿ. ಅಣೆಕಟ್ಟೆಯ ಕೆಳಗೆ ಹೊಳೆ ರಾಮದುರ್ಗ, ನರಗುಂದ, ರೋಣ, ಬಾದಾಮಿ, ಹುನಗುಂದ ಸೀಮೆಯನ್ನು ಹಾಯ್ದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ನಡುವೆ ಬೆಣ್ಣಿಹಳ್ಳ ಬಂದು ಕೂಡುತ್ತದೆ, ಹುಬ್ಬಳ್ಳಿ-ನವಲಗುಂದ ಕಡೆಯ ಎರೆಭೂಮಿಯ ನೀರನ್ನೆಲ್ಲ ಹೊತ್ತುಕೊಂಡು.

ಹಾಗಾಗಿ ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ ನೆರೆ ಬರಬಹುದು. ಬಾದಾಮಿ, ರೋಣ ಬರದ ತಾಲ್ಲೂಕುಗಳು. ಆದರೂ 2009ರಲ್ಲಿ ಮುಳುಗಿದವು, 2019ರ ಆಗಸ್ಟ್‌ನಲ್ಲಿ ಮುಳುಗಿದವು. ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತ ಫೋಟೋ ನಿಮ್ಮ ವಾಟ್ಸಾಪಿಗೂ ಬಂದಿರುತ್ತದೆ. ಚಾಲುಕ್ಯರು ಆ ಗುಡಿಗಳನ್ನು ಕಟ್ಟಿ ಸುಮಾರು 1300 ವರ್ಷ ಆಯಿತು. ಅವರೂ ಹೊಳೆಯ ಪಕ್ಕದಲ್ಲೇ ಕಟ್ಟಿದ್ದು. ಅಂದಿನ ಹೊಳೆಗೂ ಇಂದಿನ ಹೊಳೆಗೂ ಒಂದು ವ್ಯತ್ಯಾಸವಿದೆ. ಅಂದು ಅದಕ್ಕೆ ಮೈಚಾಚಲು ಜಾಗ ಇತ್ತು.

ದಂಡೆ ಹೋದದ್ದು ಹೇಗೆ

ಯಾರೋ ಒಬ್ಬರು ಒಂದು ರಾತ್ರಿಯಲ್ಲಿ ನುಂಗಿದ್ದಲ್ಲ. 1970ರ ದಶಕದಲ್ಲಿ ಅಣೆಕಟ್ಟೆಗೆ ನೀರು ನಿಂತಿತು, ಕಾಲುವೆಗಳು ಬಂದವು. ಒಳ್ಳೆಯದೇ ಆಯಿತು. ಆದರೆ ಅಣೆಕಟ್ಟೆಯ ಕೆಳಗಿನ ಹೊಳೆಗೆ ಪ್ರತಿ ಮಳೆಗಾಲ ಬರುತ್ತಿದ್ದ ಹೊಸ ನೀರು ನಿಂತಿತು. ಜಲಾಶಯ ತುಂಬದ ವರ್ಷ ಗೇಟು ಎತ್ತುವುದಿಲ್ಲ. ಅಂಥ ವರ್ಷಗಳು ಸಾಲಾಗಿ ಬಂದವು.

ಹೊಳೆಗೆ ಪ್ರತಿವರ್ಷದ ಪ್ರವಾಹ ಎಂದರೆ ಅಂಗಳಕ್ಕೆ ದಿನಾ ಹಾಕುವ ಕಸಬರಿಗೆ ಇದ್ದ ಹಾಗೆ. ಹೂಳನ್ನು ತಳ್ಳುತ್ತದೆ, ನಡುವೆ ಎದ್ದ ಗಿಡಗಂಟಿಯನ್ನು ಕಿತ್ತೊಯ್ಯುತ್ತದೆ, ಪಾತ್ರವನ್ನು ಅಗಲವಾಗಿ ಇಡುತ್ತದೆ. ಕಸಬರಿಗೆ ನಿಂತಾಗ ಪಾತ್ರದಲ್ಲಿ ಹೂಳು ಕೂತಿತು. ಹೂಳಿನ ಮೇಲೆ ಬಳ್ಳಾರಿ ಜಾಲಿ ಎದ್ದಿತು. ಜಾಲಿಯ ಬುಡಕ್ಕೆ ಮತ್ತಷ್ಟು ಹೂಳು. ಹೊಳೆಯ ಬದಿಯ ಹೊಲದವರು ಮೊದಲ ವರ್ಷ ಎರಡು ಸಾಲು ಮುಂದೆ ಹೋದರು. ಯಾರೂ ಕೇಳಲಿಲ್ಲ. ಮರುವರ್ಷ ಹತ್ತು ಸಾಲು. ಆಮೇಲೆ ಟ್ರ್ಯಾಕ್ಟರ್ ಬಂತು, ಜೆಸಿಬಿ ಬಂತು. ಇಳಿಜಾರಾಗಿದ್ದ ದಂಡೆಯನ್ನು ಕಡಿದು ಸಮ ಮಾಡಿ ನೀರಿನ ಅಂಚಿನವರೆಗೆ ಕಬ್ಬು ಹಚ್ಚಿದರು. ಮತ್ತೊಂದು ಕಡೆ ಮರಳಿನವರು ಇಳಿದರು. ಅವರು ತಳವನ್ನು ಗುಂಡಿ ಮಾಡಿದರು, ಇವರು ಬದಿಯನ್ನು ಒತ್ತಿದರು. ಹೊಳೆ ಹಳ್ಳವಾಯಿತು, ಹಳ್ಳ ಗಟಾರಾಯಿತು.

ಆಮೇಲೆ 2019 ಬಂತು. ಜಲಾಶಯ ತುಂಬಿತು, ಗೇಟು ಎತ್ತಿದರು. ಗಟಾರದೊಳಗೆ ಹೊಳೆಯನ್ನು ಬಿಟ್ಟರು.

ಬೆರಳೆಣಿಕೆಯ ಲೆಕ್ಕ

ಇದಕ್ಕೆ ಇಂಜಿನಿಯರ್ ಬೇಕಿಲ್ಲ. ಹೊಳೆಯಲ್ಲಿ ಹೋಗುವ ನೀರು = ಅಗಲ × ಆಳ × ವೇಗ. ಅಗಲ 300 ಅಡಿ, ಆಳ 12 ಅಡಿ, ಸೆಕೆಂಡಿಗೆ 7 ಅಡಿ ವೇಗ ಎಂದುಕೊಳ್ಳಿ. ಗುಣಿಸಿದರೆ 25,200 ಕ್ಯೂಸೆಕ್. ಒಂದು ಇಡೀ ದಿನ ಹೀಗೆ ಹರಿದರೆ ಎರಡು ಟಿಎಂಸಿಗಿಂತ ಸ್ವಲ್ಪ ಹೆಚ್ಚು.

ಈಗ ಅದೇ ಹೊಳೆಯನ್ನು ಎರಡೂ ಕಡೆಯಿಂದ ಒತ್ತಿ 120 ಅಡಿ ಮಾಡಿ. ಮೇಲಿನಿಂದ ಬರುವ ನೀರು ಕಡಿಮೆಯಾಗುವುದಿಲ್ಲ, ಅದಕ್ಕೆ ಪಹಣಿ ಓದಲು ಬರುವುದಿಲ್ಲ. ಅದೇ ವೇಗದಲ್ಲಿ ಅಷ್ಟೇ ನೀರು ಹೋಗಬೇಕಾದರೆ 30 ಅಡಿ ಆಳ ಬೇಕು. ಅಷ್ಟು ಎತ್ತರದ ದಂಡೆ ಎಲ್ಲಿದೆ? ಇಲ್ಲ. ಹಾಗಾದಾಗ ನೀರು ಎರಡು ಕೆಲಸ ಮಾಡುತ್ತದೆ. ಮೇಲೆ ಉಕ್ಕಿ ಊರಿಗೆ ಹೋಗುತ್ತದೆ, ಮತ್ತು ಕೆಳಗೆ ಇನ್ನೂ ಜೋರಾಗಿ ಓಡುತ್ತದೆ. ವೇಗ ಎರಡು ಪಟ್ಟಾದರೆ ನೀರಿನ ಹೊಡೆತ ನಾಲ್ಕು ಪಟ್ಟು. ನಿಮ್ಮ ಹೊಲದ ಬದು ಕೊಚ್ಚಿಹೋಗುವುದು ಇದರಿಂದ. ಹೊಳೆಯನ್ನು ಒತ್ತಿದವನ ಹೊಲವೇ ಮೊದಲು ಹೋಗುತ್ತದೆ ಎಂಬ ಸಮಾಧಾನವೂ ಇಲ್ಲ. ಎಷ್ಟೋ ಸಲ ಹೋಗುವುದು ಎದುರು ದಂಡೆಯ ಬಡವನ ಹೊಲ.

ದಂಡೆಯ ಪಟ್ಟಿ ಮಾಡುವ ಕೆಲಸ

ಹೊಳೆಯ ಎರಡೂ ಬದಿಗೆ ಉಳುಮೆ ಇಲ್ಲದ, ಮರ, ಪೊದೆ, ಹುಲ್ಲು ಇರುವ ಒಂದು ಪಟ್ಟಿ ಇರಬೇಕು ಎಂದರೆ ಇದು ಪರಿಸರವಾದಿಗಳ ಶೋಕಿ ಎಂದು ನಗುವವರಿದ್ದಾರೆ. ಅವರಿಗಾಗಿ ಆ ಪಟ್ಟಿ ಏನು ಮಾಡುತ್ತದೆ ಎಂದು ಬಿಡಿಸಿ ಹೇಳುತ್ತೇನೆ.

ಮೊದಲನೆಯದು ಮಣ್ಣು. ನಮ್ಮ ಕಡೆಯದು ಎರೆಮಣ್ಣು. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಉಬ್ಬಿದಮೇಲೆ ನೀರು ಒಳಗೆ ಇಳಿಯುವುದಿಲ್ಲ, ಮೇಲೆಯೇ ಹರಿದು ಮಣ್ಣನ್ನೂ ಎಳೆದೊಯ್ಯುತ್ತದೆ. ಬದಿಯಲ್ಲಿ ದಟ್ಟ ಹುಲ್ಲು ಇದ್ದರೆ ಆ ಓಟ ನಿಧಾನವಾಗುತ್ತದೆ, ಮಣ್ಣು ಅಲ್ಲೇ ಕೂರುತ್ತದೆ. ಹುಲ್ಲು ಇಲ್ಲದಿದ್ದರೆ ನಿಮ್ಮ ಹೊಲದ ಫಲವತ್ತಾದ ಮೇಲ್ಮಣ್ಣು ಹೊಳೆಯ ಹೂಳಾಗುತ್ತದೆ. ಆಮೇಲೆ ಅದೇ ಹೂಳನ್ನು ಎತ್ತಲು ಟೆಂಡರ್ ಕರೆಯುತ್ತಾರೆ.

ಎರಡನೆಯದು ದಂಡೆ ಕುಸಿತ. ಹೊಳೆ ಏರುವಾಗ ದಂಡೆ ಬೀಳುವುದಕ್ಕಿಂತ ಇಳಿಯುವಾಗ ಬೀಳುವುದು ಹೆಚ್ಚು. ನೆರೆ ಇದ್ದಾಗ ದಂಡೆಯ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ, ಎದುರಿನ ನೀರು ಅದಕ್ಕೆ ಒತ್ತು ಕೊಟ್ಟಿರುತ್ತದೆ. ಗೇಟು ಇಳಿಸಿದಾಗ ಹೊಳೆ ಸರ್ರನೆ ಇಳಿಯುತ್ತದೆ. ಒತ್ತು ಹೋಯಿತು, ಭಾರ ಉಳಿಯಿತು. ದಂಡೆ ಗೋಡೆಯಂತೆ ಸೀಳಿ ಬೀಳುತ್ತದೆ. ಕಬ್ಬಿನ ಬೇರು ಇದನ್ನು ಹಿಡಿಯಲಾರದು. ಹೊಳೆಮತ್ತಿ, ನೇರಳೆ, ಹೊಂಗೆ, ಅತ್ತಿ, ಬಿದಿರು ಇವುಗಳ ಬೇರು ಹಿಡಿಯುತ್ತದೆ. ಮರದ ಬೇರು ಆಳದಲ್ಲಿ ಹೊಲಿಗೆ ಹಾಕಿದರೆ, ಲಾವಂಚ ಮತ್ತು ಹುಲ್ಲಿನ ಬೇರು ಮೇಲಿನ ಮಣ್ಣನ್ನು ಕಟ್ಟುತ್ತದೆ. ಎರಡೂ ಬೇಕು.

ಮೂರನೆಯದು ಕುಡಿಯುವ ನೀರು. ಕಬ್ಬಿಗೆ ಹಾಕಿದ ಯೂರಿಯಾದಲ್ಲಿ ಬೆಳೆ ಉಂಡು ಉಳಿದದ್ದು ನೈಟ್ರೇಟ್ ಆಗಿ ನೀರಿನ ಜೊತೆ ಹೊಳೆಗೆ ಇಳಿಯುತ್ತದೆ. ದಂಡೆಯ ತೇವದ ಮಣ್ಣಿನಲ್ಲಿ, ಕೊಳೆತ ಎಲೆಗಳ ನಡುವೆ ಇರುವ ಸೂಕ್ಷ್ಮಜೀವಿಗಳು ಈ ನೈಟ್ರೇಟನ್ನು ಒಡೆದು ಗಾಳಿಗೆ ಬಿಡುತ್ತವೆ. ಕರೆಂಟು ಬೇಡ, ಆಪರೇಟರ್ ಬೇಡ, ಬಿಟ್ಟಿ ಕೆಲಸ. ಆ ಪಟ್ಟಿಯನ್ನು ಉತ್ತು ಹಾಕಿ, ಆಮೇಲೆ ಊರಿಗೊಂದು ಶುದ್ಧ ನೀರಿನ ಘಟಕ ಬೇಕು ಎಂದು ಅರ್ಜಿ ಕೊಡುತ್ತೇವೆ.

ನಾಲ್ಕನೆಯದು ಬೇಸಿಗೆ. ಮರಗಳ ಬೇರು ಮಾಡಿದ ಸಂದುಗಳಲ್ಲಿ ನೀರು ಒಳಗಿಳಿದು ದಂಡೆಯ ಮಣ್ಣು ಸ್ಪಂಜಿನಂತೆ ಹಿಡಿದಿಡುತ್ತದೆ. ಹೊಳೆ ಇಳಿದಮೇಲೆ ಅದು ನಿಧಾನವಾಗಿ ಹೊರಗೆ ಬರುತ್ತದೆ. ಹೊಳೆಯ ಹತ್ತಿರದ ಬಾವಿಗಳು ಒಂದಷ್ಟು ದಿನ ಹೆಚ್ಚು ಬಾಳುತ್ತವೆ. ನೆರಳಿದ್ದ ಮಡುವಿನಲ್ಲಿ ಮೀನು ಉಳಿಯುತ್ತದೆ.

ಒಂದು ಮಾತು ಸ್ಪಷ್ಟ ಇರಲಿ. 2009 ಅಥವಾ 2019ರಂಥ ಮಹಾಪೂರವನ್ನು ಮರದ ಪಟ್ಟಿ ನಿಲ್ಲಿಸುವುದಿಲ್ಲ. ಅಂಥ ನೀರಿಗೆ ಜಾಗವೇ ಬೇಕು. ಪಟ್ಟಿ ಇದ್ದರೆ ಆ ಜಾಗ ಖಾಲಿ ಇರುತ್ತದೆ, ಅಲ್ಲಿ ಮನೆ ಇರುವುದಿಲ್ಲ, ಮೋಟಾರು ಇರುವುದಿಲ್ಲ. ಜಲಾಶಯದಿಂದ ನೀರು ಯಾವಾಗ, ಎಷ್ಟು ಬಿಡಬೇಕು ಎಂಬ ಪ್ರಶ್ನೆಯೂ ಇದೆ, ಅದನ್ನೂ ಕೇಳಬೇಕು. ಆದರೆ ಗೇಟಿನ ತಪ್ಪನ್ನು ತೋರಿಸಿ ದಂಡೆಯ ಒತ್ತುವರಿಯನ್ನು ಮುಚ್ಚಿಹಾಕುವುದು ಬೇಡ.

"ಮರ ಬೇಕಂದ್ರ ಜಾಲಿ ಐತಲ್ಲ"

ಹೀಗೆ ಕೇಳುವವರೂ ಇದ್ದಾರೆ. ಉತ್ತರ ಇಷ್ಟೇ: ಮರ ಎಲ್ಲಿ ನಿಂತಿದೆ ಎಂಬುದರಲ್ಲಿ ಎಲ್ಲ ಇದೆ. ದಂಡೆಯ ಮೇಲೆ ನಿಂತ ಹೊಳೆಮತ್ತಿ ಕಾವಲುಗಾರ. ಪಾತ್ರದ ನಡುವೆ ನಿಂತ ಬಳ್ಳಾರಿ ಜಾಲಿ ದಾರಿಗೆ ಅಡ್ಡ ನಿಲ್ಲಿಸಿದ ಲಾರಿ. ನೀರಿಗೆ ಅಡ್ಡವಾಗುತ್ತದೆ, ಕಸಕಡ್ಡಿ ಹಿಡಿಯುತ್ತದೆ, ಸೇತುವೆಯ ಕಣ್ಣು ಕಟ್ಟುತ್ತದೆ, ನೀರಿನ ಮಟ್ಟವನ್ನು ಏರಿಸುತ್ತದೆ. ನಡುವಿನದನ್ನು ತೆಗೆಯಬೇಕು, ಬದಿಯಲ್ಲಿ ನಮ್ಮ ಮರ ಬೆಳೆಸಬೇಕು. ನಮ್ಮಲ್ಲಿ ಆಗುತ್ತಿರುವುದು ತಿರುವುಮುರುವು. ನಡುವೆ ಕಾಡು, ಬದಿ ಬೋಳು.

ಕಾಂಕ್ರೀಟಿನ ಮೇಲೆ ಎಷ್ಟು ಪ್ರೀತಿ

ನೆರೆ ಮುಗಿದ ತಿಂಗಳಿಗೆ ಎರಡು ಬೇಡಿಕೆ ಏಳುತ್ತವೆ. ಒಂದು ತಡೆಗೋಡೆ, ಇನ್ನೊಂದು ಹೂಳೆತ್ತುವುದು. ಎರಡಕ್ಕೂ ಅಂದಾಜು ಪಟ್ಟಿ ಬೇಗ ತಯಾರಾಗುತ್ತದೆ, ಯಾಕೆಂದರೆ ಎರಡರಲ್ಲೂ ಬಿಲ್ ಇದೆ.

ಗುಡಿ, ಆಸ್ಪತ್ರೆ, ತಲೆಮಾರಿನಿಂದ ಇರುವ ಓಣಿ ಇದ್ದಲ್ಲಿ ಗೋಡೆ ಬೇಕಾಗಬಹುದು. ಉಳಿದ ಕಡೆ ಗೋಡೆ ಕಟ್ಟಿದರೆ ನೀರು ಕಡಿಮೆಯಾಗುವುದಿಲ್ಲ, ಮುಂದಿನ ಊರಿಗೆ ಹೋಗುತ್ತದೆ. ನಿಮ್ಮ ಗೋಡೆ ಕೆಳಗಿನ ಊರಿನ ನೆರೆ. ಗೋಡೆಯ ಹಿಂದೆ ಬಿದ್ದ ಊರಿನ ಮಳೆನೀರು ಹೊಳೆಗೆ ಹೋಗಲಾರದೆ ಓಣಿಯಲ್ಲೇ ನಿಲ್ಲುತ್ತದೆ.

ಹೂಳೆತ್ತುವುದೂ ಹಾಗೆಯೇ. ಬದಿಯ ಬೋಳು ಹೊಲಗಳಿಂದ ಮಣ್ಣು ಬರುವುದು ನಿಲ್ಲದೆ ನಡುವಿನ ಹೂಳು ತೆಗೆದರೆ, ತಳ ಒಡೆದ ಕೊಡಕ್ಕೆ ನೀರು ತುಂಬಿಸಿದಂತೆ. ಎರಡು ಮಳೆಗಾಲಕ್ಕೆ ಮತ್ತೆ ಅಷ್ಟೇ. ಮತ್ತೆ ಟೆಂಡರ್.

ಪರಿಹಾರದ ಕಥೆಯೂ ನೋಡಿ. 2009ರ ನಂತರ 'ಆಸರೆ' ಮನೆಗಳನ್ನು ಕಟ್ಟಿದರು. ನೀರಿಲ್ಲ, ದನ ಕಟ್ಟಲು ಜಾಗ ಇಲ್ಲ, ಹೊಲ ದೂರ ಎಂದು ಎಷ್ಟೋ ಕಡೆ ಜನ ಹಳೆ ಊರಲ್ಲೇ ಉಳಿದರು. 2019ರಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಣೆ ಆಯಿತು. ಬಿದ್ದ ಮನೆಗೆ ದುಡ್ಡು ಕೊಡುವುದು ಸರಿಯೇ. ಆದರೆ ಹತ್ತು ವರ್ಷದಲ್ಲಿ ಎರಡು ಸಲ ಮನೆಗಳನ್ನು ಎಣಿಸಲು ಬಂದ ಸರಕಾರ ಒಂದು ಸಲವಾದರೂ ಹೊಳೆಯ ಉದ್ದಕ್ಕೂ ಅದರ ಅಗಲ ಅಳೆದು ಕಲ್ಲು ನೆಟ್ಟು ಮುಗಿಸಲಿಲ್ಲವಲ್ಲ, ಅದನ್ನು ಯಾರು ಕೇಳಬೇಕು?

ಕಾನೂನು ಇದೆಯಾ?

ಇದೆ, ಮತ್ತು ಇಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 67ನೇ ಕಲಂ ಪ್ರಕಾರ ಹೊಳೆ, ಹಳ್ಳ, ಕೆರೆಗಳ ಪಾತ್ರ ಸರಕಾರದ ಆಸ್ತಿ. ಒತ್ತುವರಿ ತೆರವು ಮಾಡುವ ಅಧಿಕಾರವೂ ಅದೇ ಕಾಯ್ದೆಯಲ್ಲಿದೆ. ಅಂದರೆ ಪಾತ್ರದೊಳಗಿನ ಕಬ್ಬಿಗೆ ಹೊಸ ಕಾನೂನು ಬೇಕಾಗಿಲ್ಲ. ಇರುವ ಕಾನೂನನ್ನು ಓದಲು ಧೈರ್ಯ ಇರುವ ಅಧಿಕಾರಿ ಸಾಕು.

ಆದರೆ ಪಾತ್ರದ ಆಚೆಗಿನ ದಂಡೆಗೆ ಯಾರೂ ದಿಕ್ಕಿಲ್ಲ. ಸಮುದ್ರಕ್ಕೆ 1991ರಿಂದಲೇ ಕರಾವಳಿ ನಿಯಂತ್ರಣ ವಲಯ ಇದೆ, ಭರತದ ಗೆರೆಯಿಂದ ಇಷ್ಟು ದೂರ ಕಟ್ಟಬಾರದು ಎಂಬ ನಿಯಮ ಇದೆ. ಬೆಂಗಳೂರಿನ ಕೆರೆಗೆ 30 ಮೀಟರೋ 75 ಮೀಟರೋ ಎಂಬ ಜಗಳ ಎನ್‌ಜಿಟಿಯಿಂದ ಸುಪ್ರೀಂ ಕೋರ್ಟಿನವರೆಗೆ ಹೋಗಿ 2019ರಲ್ಲಿ ತೀರ್ಪಾಯಿತು. ನಗರದ ರಾಜಕಾಲುವೆಗೂ ಮೀಟರ್ ಲೆಕ್ಕ ಇದೆ. ಪ್ರವಾಹ ಬಯಲಿನಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎಂದು ಹೇಳುವ ಮಾದರಿ ಮಸೂದೆಯನ್ನು ಕೇಂದ್ರ ಸರಕಾರ 1975ರಲ್ಲೇ ರಾಜ್ಯಗಳಿಗೆ ಕಳಿಸಿತು. ಮಣಿಪುರ 1978ರಲ್ಲಿ, ರಾಜಸ್ಥಾನ 1990ರಲ್ಲಿ ಕಾಯ್ದೆ ಮಾಡಿದವು. ರಾಜಸ್ಥಾನ, ಮರುಭೂಮಿಯ ರಾಜ್ಯ! ವರ್ಷ ಬಿಟ್ಟು ವರ್ಷ ಮುಳುಗುವ ನಮಗೆ ಅದು ಬೇಡವಾಯಿತು.

ಸಣ್ಣ ರೈತ ಎಲ್ಲಿ ಹೋಗಬೇಕು?

ಇದು ನಿಜವಾದ ಪ್ರಶ್ನೆ, ಇದಕ್ಕೆ ಉತ್ತರ ಕೊಡದೆ ದಂಡೆಯ ಮಾತು ಆಡಬಾರದು. ಲೆಕ್ಕ ಹಾಕೋಣ. ಒಂದು ಕಡೆ 100 ಅಡಿ ಅಗಲದ ಪಟ್ಟಿ ಬಿಟ್ಟರೆ ಒಂದು ಕಿಲೋಮೀಟರ್ ಉದ್ದಕ್ಕೆ ಸುಮಾರು ಏಳೂವರೆ ಎಕರೆ. ಎರಡೂ ದಂಡೆ ಸೇರಿ 15 ಎಕರೆ. ನೂರು ಕಿಲೋಮೀಟರ್ ಹೊಳೆಗೆ 1,500 ಎಕರೆ. ಇಡೀ ಸೀಮೆಗೆ ಹೋಲಿಸಿದರೆ ಇದು ಅಂಗೈ ಅಗಲ. ಆದರೆ ಎರಡೇ ಎಕರೆ ಇದ್ದು ಅದರ ಅರ್ಧ ಹೊಳೆಬದಿಗೆ ಇರುವವನಿಗೆ ಅದು ಅರ್ಧ ಜೀವ.

ಆದ್ದರಿಂದ ಎರಡು ಜಾಗವನ್ನು ಬೇರೆ ಮಾಡಬೇಕು. ಪಾತ್ರದೊಳಗಿನದು ಸರಕಾರದ್ದು, ಅದನ್ನು ಯಾರೇ ಉತ್ತಿರಲಿ ಬಿಡಬೇಕು. ಬಿಡಿಸುವುದು ದೊಡ್ಡ ಒತ್ತುವರಿಯಿಂದ ಶುರುವಾಗಬೇಕು. ನಮ್ಮಲ್ಲಿ ಜೆಸಿಬಿ ಯಾವಾಗಲೂ ಬಡವನ ಗುಡಿಸಲಿನಿಂದ ಶುರು ಮಾಡಿ, ದೊಡ್ಡವರ ತೋಟದ ಬೇಲಿ ಬಂದಾಗ ಡೀಸೆಲ್ ಮುಗಿದು ನಿಲ್ಲುತ್ತದೆ. ಪಾತ್ರದ ಆಚೆಗೆ ಇರುವ ಪಟ್ಟಾ ಜಮೀನು ರೈತನದು. ಅದನ್ನು ಬಿಟ್ಟಿಯಾಗಿ ಕೇಳುವ ಹಕ್ಕು ಯಾರಿಗೂ ಇಲ್ಲ. ವರ್ಷಕ್ಕಿಷ್ಟು ಎಂದು ಎಕರೆ ಲೆಕ್ಕದಲ್ಲಿ ಬಾಡಿಗೆ ಕೊಡಲಿ. ಅವನು ಅಲ್ಲಿ ಹೊಂಗೆ, ನೇರಳೆ, ಬಿದಿರು, ಮೇವಿನ ಹುಲ್ಲು ಬೆಳೆದು ಫಲ ತಿನ್ನಲಿ. ಉಳುಮೆ, ಗೊಬ್ಬರ, ಔಷಧ ಮಾತ್ರ ಬೇಡ.

ಇದು ಎಲ್ಲೂ ಇಲ್ಲದ ಕನಸಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯ 2015ರಲ್ಲಿ ಕಾಯ್ದೆ ಮಾಡಿ ಹೊಳೆ-ಕೆರೆಗಳ ಬದಿಗೆ ಸರಾಸರಿ 50 ಅಡಿ ಕಾಯಂ ಹಸಿರು ಪಟ್ಟಿ ಇರಬೇಕು ಎಂದಿತು. ಅಲ್ಲಿಯ ರೈತರೂ ವಿರೋಧಿಸಿದರು. ಆದರೆ ಪಟ್ಟಿಯ ಹುಲ್ಲು ಕೊಯ್ಯಲು, ದನ ಮೇಯಿಸಲು ಅವಕಾಶ ಇಟ್ಟರು.

ಹೊಳೆ ತಾನೇ ಸರಿದ ಜಾಗವೂ ಇದೆ. ತಿರುವಿನ ಹೊರಬದಿಯನ್ನು ಹೊಳೆ ಕೊರೆಯುತ್ತದೆ, ಒಳಬದಿಗೆ ಮಣ್ಣು ಹಾಕುತ್ತದೆ. ಹೊರಬದಿಯವನಿಗೆ ಪಹಣಿಯಲ್ಲಿ ಎರಡು ಎಕರೆ, ಕಾಲ ಕೆಳಗೆ ಒಂದೂವರೆ. ಅಂಥವನನ್ನು ಒತ್ತುವರಿದಾರ ಎಂದು ಕರೆಯುವುದು ಅನ್ಯಾಯ. ಮೋಜಣಿ ಸರಿಯಾಗಿ ಆಗಬೇಕು ಎನ್ನುವುದು ಇದಕ್ಕೇ.

ನೀರಿಗೆ ಹೋರಾಡಿದ ಮಣ್ಣು

ಸರಕಾರವನ್ನು ಪ್ರಶ್ನೆ ಮಾಡುವುದನ್ನು ಈ ಸೀಮೆಗೆ ಯಾರೂ ಕಲಿಸಬೇಕಾಗಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಗುಂಡಿಗೆ ಎದೆಕೊಟ್ಟದ್ದು ಇದೇ ಮಲಪ್ರಭೆಯ ನೀರಿನ ಕರದ ವಿಷಯಕ್ಕೆ. 2015ರಲ್ಲಿ ನರಗುಂದದಲ್ಲಿ ಮಹದಾಯಿಗಾಗಿ ಧರಣಿ ಕೂತರು. 2018ರಲ್ಲಿ ನ್ಯಾಯಮಂಡಳಿ ಕಳಸಾ-ಬಂಡೂರಿಯಿಂದ ಮಲಪ್ರಭೆಗೆ 3.9 ಟಿಎಂಸಿ ಎಂದಿತು.

ಆ 3.9 ಟಿಎಂಸಿಗೆ ಹೆಂಗಸರು, ಮುದುಕರು ಬಿಸಿಲಲ್ಲಿ ಕೂತರು, ಲಾಠಿ ತಿಂದರು. ಅದು ಬರಲಿ, ಬರಲೇಬೇಕು. ಆದರೆ ಬರುವ ನೀರನ್ನು ಯಾವ ಹೊಳೆಗೆ ಕರೆಯುತ್ತಿದ್ದೇವೆ? ಜಾಲಿ ತುಂಬಿದ, ದಂಡೆ ಕಳೆದುಕೊಂಡ, ಯೂರಿಯಾ ಕುಡಿದ ಗಟಾರಕ್ಕೆ? ನೀರಿಗಾಗಿ ನಾಲ್ಕು ದಶಕ ಹೋರಾಡಿದವರು ಹೊಳೆಗಾಗಿ ಒಂದು ದಿನವೂ ಬೀದಿಗೆ ಬರಲಿಲ್ಲ. ಮಗಳಿಗೆ ಸೀರೆ ತಂದು, ಮಗಳನ್ನೇ ಹಸಿವಿಗೆ ಹಾಕಿದಂತೆ.

ಮುಂದಿನ ಗ್ರಾಮಸಭೆಯಲ್ಲಿ ಕೇಳಿ

ಬೆಂಗಳೂರಿನಲ್ಲಿ ಕಾಯ್ದೆ ಆಗುವವರೆಗೆ ಕಾಯಬೇಕಿಲ್ಲ. ನಿಮ್ಮ ಊರು ಹೊಳೆ ಅಥವಾ ಹಳ್ಳದ ದಂಡೆಗೆ ಇದ್ದರೆ, ಮುಂದಿನ ಗ್ರಾಮಸಭೆಗೆ ಹೋಗಿ ನಾಲ್ಕು ಮಾತು ಕೇಳಿ, ಠರಾವಿನಲ್ಲಿ ಬರೆಸಿ.

ಒಂದು, ಹಳೆಯ ಗ್ರಾಮನಕ್ಷೆ ತೆಗೆದು ನಮ್ಮ ಊರ ಹದ್ದಿನಲ್ಲಿ ಹೊಳೆಯ ಅಗಲ ಎಷ್ಟಿತ್ತು, ಈಗ ಎಷ್ಟಿದೆ ಎಂದು ಭೂಮಾಪನ ಇಲಾಖೆಯಿಂದ ಅಳೆಸಿ, ಕಲ್ಲು ನೆಡಿ, ಆ ನಕ್ಷೆಯನ್ನು ಪಂಚಾಯಿತಿ ಗೋಡೆಗೆ ಹಚ್ಚಿ.

ಎರಡು, ಪಾತ್ರದೊಳಗಿನ ಜಾಲಿಯನ್ನು ತೆಗೆಸಿ. ಜಾಲಿಯ ನೆಪದಲ್ಲಿ ದಂಡೆಯ ಮತ್ತಿ, ನೇರಳೆ ಕಡಿಯದಂತೆ ಊರವರೇ ನಿಂತು ನೋಡಿ.

ಮೂರು, ಪಾತ್ರಕ್ಕೆ ಹತ್ತಿದ ಸರಕಾರಿ ಜಾಗದಲ್ಲಿ ಉದ್ಯೋಗ ಖಾತ್ರಿ ಕೆಲಸದಲ್ಲಿ ನಮ್ಮ ಮರಗಳನ್ನು ಹಚ್ಚಿಸಿ. ಸಸಿ ನೆಟ್ಟ ದಿನದ ಫೋಟೋಕ್ಕೆ ಬಿಲ್ ಕೊಡಬೇಡಿ, ಮೂರನೇ ಬೇಸಿಗೆ ದಾಟಿ ಬದುಕಿದ ಗಿಡವನ್ನು ಎಣಿಸಿ.

ನಾಲ್ಕು, ಹೊಳೆಬದಿಯ ಪಟ್ಟಾ ರೈತರಿಗೆ ಪಟ್ಟಿಯ ಬಾಡಿಗೆ ಕೊಡುವ ಯೋಜನೆ ಬೇಕು ಎಂದು ಜಿಲ್ಲಾ ಪಂಚಾಯಿತಿಗೆ, ಶಾಸಕರಿಗೆ ಠರಾವು ಕಳಿಸಿ. ಒಂದು ಊರು ಕಳಿಸಿದರೆ ಅದು ಅರ್ಜಿ. ಕಣಕುಂಬಿಯಿಂದ ಕೂಡಲಸಂಗಮದವರೆಗೆ ಪ್ರತಿ ಊರೂ ಕಳಿಸಿದರೆ ಅದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಗ್ರಾಮಸಭೆಯಲ್ಲಿ ಯಾರಾದರೂ ಎದ್ದು "ಮೊದಲು ಪರಿಹಾರದ ಮಾತಾಡ್ರಿ, ದಂಡಿ ಮಾತು ಆಮ್ಯಾಲ" ಎಂದು ಜೋರು ಮಾಡಿದರೆ, ಅವರ ಹೊಲ ಹೊಳೆಯಿಂದ ಎಷ್ಟು ದೂರ ಇದೆ ಎಂದು ಕೇಳಿ ನೋಡಿ. ಬಹಳ ಸಲ ಉತ್ತರ ಅಲ್ಲೇ ಇರುತ್ತದೆ.